ಹಗ್ಗ ಬಿಗಿಯಾದಷ್ಟೂ ಉಮೇದು

ದಾವಣಗೆರೆ ಪೊಲೀಸ್ ಶ್ವಾನದಳದಲ್ಲಿ ತುಂಗಾ ಎಂಬ ಡಾಬರ್‌ಮನ್ ಹೆಣ್ಣುನಾಯಿ ಇತ್ತು. 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಭಾಗದಲ್ಲಿ ಕೊಲೆಯೊಂದು ನಡೆದಾಗ, ಅದು ಶವ ಬಿದ್ದ ಜಾಗದಿಂದ ವಾಸನೆ ಹಿಡಿದು 11–12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಕೊಟ್ಟಿತು. ನಮ್ಮೂರು ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದ್ದರೂ 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಆ ಸುದ್ದಿ ನಮಗೆ ಮನೆ ಸುದ್ದಿ. ಬಸ್‌ಸ್ಟ್ಯಾಂಡ್ ಪಕ್ಕದ ಚಹಾದಂಗಡಿಯಲ್ಲಿ ಕೂತವರೆಲ್ಲ ತುಂಗಾಳ ಮೂಗನ್ನು ಹಾಡಿ ಹೊಗಳಿದರು.

ನನಗೆ ಮೂಗಿಗಿಂತ ಹೆಚ್ಚಾಗಿ ಕಂಡಿದ್ದು ಅದರ ಮನಸ್ಸು. ಮೂಗು ನಮ್ಮ ಓಣಿಯ ನಾಯಿಗೂ ಇದೆ. ಆಗ ತುಂಗಾಗೆ ಹತ್ತರ ಆಸುಪಾಸು ವಯಸ್ಸು, ಡಾಬರ್‌ಮನ್ ತಳಿಗೆ ಅದು ಮುಪ್ಪು. ಆ ವಯಸ್ಸಿನಲ್ಲಿ ಅಷ್ಟು ದೂರ ಹಿಂದೆ ತಿರುಗಿ ನೋಡದೆ ಓಡಬೇಕಾದರೆ, ಈ ಜಾಡಿನ ಕೊನೆಯಲ್ಲಿ ತನಗೆ ಏನೋ ಸಿಕ್ಕೇ ಸಿಗುತ್ತದೆ ಎಂಬ ಗಟ್ಟಿ ನಂಬಿಕೆ ಒಳಗಿರಬೇಕು. ಆ ನಂಬಿಕೆ ಹುಟ್ಟಿನಿಂದ ಬರುವುದು ಸ್ವಲ್ಪ. ಉಳಿದದ್ದನ್ನು ಹಗ್ಗ ಹಿಡಿದವರು ದಿನದಿನವೂ ಕಟ್ಟಬೇಕು. ಅದನ್ನು ಹೇಗೆ ಕಟ್ಟುತ್ತಾರೆ ಎಂಬುದೇ ನಾನಿಲ್ಲಿ ಹೇಳಬೇಕೆಂದಿರುವುದು.

ನಾನು ಪಶುಸಂಗೋಪನಾ ಇಲಾಖೆಯಲ್ಲಿ ಪಶು ವೈದ್ಯಕೀಯ ಪರೀಕ್ಷಕನಾಗಿ ದುಡಿದು ನಿವೃತ್ತನಾದವನು. ಹಡಗಲಿ, ಕೂಡ್ಲಿಗಿ, ಕೊಟ್ಟೂರು ಸೀಮೆಯ ಹಳ್ಳಿಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ, ನಾಯಿಗಳಿಗೆ ರೇಬೀಸ್ ಲಸಿಕೆ ಹಾಕುತ್ತಾ ಸರ್ವಿಸ್ ಮುಗಿಸಿದೆ. ಶ್ವಾನದಳದಿಂದ ನಿವೃತ್ತರಾದ ಹಿರಿಯರೊಬ್ಬರ ಸಹವಾಸದಿಂದ ನಾಯಿ ತರಬೇತಿ ಕಲಿತೆ. ಈಗ ಬೆಳಿಗ್ಗೆ ಊರ ಹೊರಗಿನ ಬಯಲಿನಲ್ಲಿ, ಆಸಕ್ತಿಯಿರುವ ಹುಡುಗರಿಗೆ ಅದನ್ನೇ ಹೇಳಿಕೊಡುತ್ತೇನೆ. ನನ್ನ ಬಳಿ ಕೆಂಚಿ ಎಂಬ ಮುಧೋಳ ನಾಯಿ ಇದೆ. ಹುಡುಗರಲ್ಲಿ ಕೆಲವರದು ಜರ್ಮನ್ ಶೆಫರ್ಡ್, ಒಂದಿಬ್ಬರದು ಲ್ಯಾಬ್ರಡಾರ್.

ಹೊಸಬರು ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ: “ಡಾಕ್ಟ್ರೇ, ನಾಯಿ ಭಾಳ ಜಗ್ಗಾಡ್ತತಿ. ಹೆಂಗ್ ನಿಲ್ಸೋದು?” ನಾನು ಹೇಳುವುದು, “ಈಗ್ಲೇ ನಿಲ್ಸಬ್ಯಾಡಪ್ಪ. ಅದು ಯಾತಕ್ಕೆ ಜಗ್ತತಿ ಅಂತ ಮೊದ್ಲು ನೋಡು.” ಎಳೆಯುವ ನಾಯಿಗೆ ಏನೋ ಬೇಕಾಗಿದೆ. ಏನೂ ಬೇಡವೆಂದು ಕಾಲಬುಡದಲ್ಲಿ ಮಲಗುವ ನಾಯಿಗಿಂತ ಅದು ಎಷ್ಟೋ ಮೇಲು. ಕ್ರೀಡೆಗೆ, ಕೆಲಸಕ್ಕೆ ನಾಯಿ ತಯಾರು ಮಾಡುವವರಿಗೆ ಆ ‘ಬೇಕು’ ಎಂಬುದೇ ಬಂಡವಾಳ. ಮರಿ ಎಳೆದಾಗಲೆಲ್ಲ ಕೊರಳಪಟ್ಟಿ ಜಗ್ಗಿ, ಗದರಿಸಿ, ಬೆತ್ತ ತೋರಿಸಿದರೆ ಆರು ತಿಂಗಳಲ್ಲಿ ಅದು ಶಾಂತವಾಗುತ್ತದೆ. ಮನೆಯವರು ‘ಒಳ್ಳೆ ನಾಯಿ’ ಎನ್ನುತ್ತಾರೆ. ಮುಂದೆ ಅದಕ್ಕೆ ಚೆಂಡು ಎಸೆದರೂ, ಗೋಣಿಪಟ್ಟಿ ಬೀಸಿದರೂ, ಮೊದಲು ಯಜಮಾನನ ಮುಖ ನೋಡಿ ಬಾಲ ಒಳಗೆ ಸೇರಿಸುತ್ತದೆ. ಹಾಗಾದ ನಾಯಿಯನ್ನು ಮತ್ತೆ ಹುರಿದುಂಬಿಸುವುದು ಬಹಳ ತ್ರಾಸಿನ ಕೆಲಸ.

ನಾಯಿಗಳ ಕ್ರೀಡೆ ಎಂದರೆ ನಮ್ಮವರಿಗೆ ಜಾತ್ರೆಯ ಓಟದ ಪಂದ್ಯ ನೆನಪಾಗುತ್ತದೆ. ಬೇರೆ ಬಗೆಯವೂ ಇವೆ. ಜರ್ಮನಿಯಲ್ಲಿ 1899ರಲ್ಲಿ ಜರ್ಮನ್ ಶೆಫರ್ಡ್ ತಳಿಯ ಸಂಘ ಹುಟ್ಟಿತು. ಆ ನಾಯಿಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆಯೇ ಎಂದು ಒರೆಗೆ ಹಚ್ಚಲು ಬೆಳೆದ ಪಂದ್ಯವನ್ನು ಮೊದಲು ಷುಟ್ಸ್‌ಹುಂಡ್ ಎನ್ನುತ್ತಿದ್ದರು, ಈಗ ಐಜಿಪಿ ಎನ್ನುತ್ತಾರೆ. ಜಾಡು ಹಿಡಿಯುವುದು, ಮಾತು ಕೇಳುವುದು, ರಕ್ಷಣೆ ಎಂದು ಅದರಲ್ಲಿ ಮೂರು ಭಾಗ, ಒಂದೊಂದಕ್ಕೂ 100 ಅಂಕ. ಜಾಡಿನ ಭಾಗದಲ್ಲಿ 10 ಮೀಟರ್ ಹಗ್ಗದ ತುದಿ ಹಿಡಿದು ನಾಯಿಯ ಹಿಂದೆ ನಡೆಯಬೇಕು. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ್ದು ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದ ಶ್ವಾನ ಸ್ಪರ್ಧೆ. 2024ರಲ್ಲಿ ಲಖನೌದಲ್ಲಿ ನಡೆದ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ, ಜಾಡು ಹಿಡಿಯುವ ವಿಭಾಗದಲ್ಲಿ ಮೊದಲ ಸ್ಥಾನ ಪಡೆದು ಇಡೀ ಕೂಟದ ಶ್ರೇಷ್ಠ ನಾಯಿ ಎನಿಸಿಕೊಂಡಿತು. ಎದುರಿಗಿದ್ದವು ಹೆಚ್ಚಾಗಿ ವಿದೇಶಿ ತಳಿಗಳು. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮುಧೋಳ ನಾಯಿಗೆ ಓಟ ಬಿಟ್ಟರೆ ಬೇರೇನೂ ಬಾರದು, ತರಬೇತಿಗೆ ಒಗ್ಗದು ಎಂದು ಅನುಭವಿಗಳೇ ಹೇಳುವುದನ್ನು ಕೇಳಿ ಕೇಳಿ ನನ್ನ ಕಿವಿ ದಣಿದಿತ್ತು.

ಅವರ ಮಾತಿಗೂ ಒಂದು ಕಾರಣವಿದೆ. ಮುಧೋಳ ನಾಯಿ ಕಣ್ಣಿನ ನಾಯಿ. ಬಯಲಿನಲ್ಲಿ ದೂರದ ಚಲನೆ ಕಂಡು ಬೆನ್ನಟ್ಟಲೆಂದೇ ಅದರ ಉದ್ದ ತಲೆ, ಆಳದ ಎದೆ, ಸಣ್ಣ ನಡು ರೂಪುಗೊಂಡಿವೆ. ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ತಳಿ ಇದು. ಈಗ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. 2016ರಲ್ಲಿ ಇದರ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೂ ಹೋದವು. ಈ ನಾಯಿ ತಾನೇ ನೋಡಿ ತಾನೇ ತೀರ್ಮಾನಿಸುವ ಸ್ವಭಾವದ್ದು. ಲ್ಯಾಬ್ರಡಾರ್ ಒಂದು ತುಂಡು ಬಿಸ್ಕತ್ತಿಗೆ ದಿನವಿಡೀ ಕೂತು ಏಳುತ್ತದೆ. ಕೆಂಚಿ ಎರಡನೇ ಸಲಕ್ಕೇ ಮುಖ ತಿರುಗಿಸುತ್ತಾಳೆ. ಲ್ಯಾಬ್ರಡಾರಿನ ಪಾಠವನ್ನು ಅವಳಿಗೆ ಹೇಳಿದರೆ ಅವಳು ದಡ್ಡಿಯಂತೆ ಕಾಣುತ್ತಾಳೆ. ಅವಳ ಆಸೆ ಎಲ್ಲಿದೆಯೋ ಅಲ್ಲಿಂದ ಪಾಠ ಶುರುವಾಗಬೇಕು.

ಅವಳ ಆಸೆ ಓಡಿಹೋಗುವ ವಸ್ತುವಿನಲ್ಲಿದೆ. ಇದನ್ನು ಅರಿಯದೆ ಎಷ್ಟೋ ಹುಡುಗರು ಆಟಿಕೆಯನ್ನು ನಾಯಿಯ ಮೂತಿಗೇ ತುರುಕುತ್ತಾರೆ. ಬೇಟೆ ಎಂದಾದರೂ ತಾನಾಗಿ ಬಂದು ಬಾಯಿಗೆ ಬೀಳುತ್ತದೆಯೇ? ನಾಯಿ ಹಿಂದೆ ಸರಿಯುತ್ತದೆ, ಹುಡುಗ ‘ಇದಕ್ಕೆ ಆಟವೇ ಬೇಡ’ ಎನ್ನುತ್ತಾನೆ. ಅದೇ ವಸ್ತು ನೆಲದ ಮೇಲೆ ತಡವರಿಸುತ್ತಾ ದೂರ ಹೋಗಲಿ, ಒಂದು ಕ್ಷಣ ನಿಲ್ಲಲಿ, ಮತ್ತೆ ಚಂಗನೆ ಹಾರಲಿ. ಮಲಗಿದ್ದ ನಾಯಿ ಎದ್ದು ನಿಲ್ಲುತ್ತದೆ.

ನಮ್ಮ ಸಲಕರಣೆ ಬಹಳ ಸರಳ. ಉದ್ದನೆಯ ಬಿದಿರಿನ ಕೋಲು, ಅದರ ತುದಿಗೆ ಹಗ್ಗ, ಹಗ್ಗದ ತುದಿಗೆ ಗೋಣಿಚೀಲ ಸುತ್ತಿ ಹೊಲಿದ ಒಂದು ಪಟ್ಟಿ. ಇನ್ನೊಂದು ಕಡೆ ನೆಲಕ್ಕೆ ಹೊಡೆದ ದನ ಕಟ್ಟುವ ಗೂಟ. ಗೂಟಕ್ಕೆ ಹಳೆಯ ಸೈಕಲ್ ಟ್ಯೂಬ್ ಜೋಡಿಸಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ನಾಯಿಯ ಎದೆಪಟ್ಟಿಗೆ ಸಿಕ್ಕಿಸುತ್ತೇವೆ. ಟ್ಯೂಬ್ ಏಕೆಂದರೆ, ನಾಯಿ ಚಿಮ್ಮಿ ಹಗ್ಗದ ತುದಿ ಮುಟ್ಟಿದಾಗ ಗಕ್ಕನೆ ಪೆಟ್ಟು ಬೀಳದೆ ಮೆತ್ತಗೆ ಹಿಡಿಯಬೇಕು. ಕೊರಳಪಟ್ಟಿಗೆ ಕಟ್ಟುವಂತೆಯೇ ಇಲ್ಲ. ಮುಧೋಳ ನಾಯಿಯ ಕೊರಳು ಉದ್ದ, ತೆಳು. ಪೂರ್ತಿ ವೇಗದಲ್ಲಿ ಚಿಮ್ಮಿ ಕೊರಳಿಗೆ ಏಟಾದರೆ ಗಂಟಲಿಗೂ ಕುತ್ತಿಗೆಯ ಮೂಳೆಗೂ ಅಪಾಯ. ಜೊತೆಗೆ, ಆಸೆಪಟ್ಟ ಕ್ಷಣದಲ್ಲೇ ನೋವಾದರೆ ನಾಯಿ ಆಸೆಯನ್ನೂ ನೋವನ್ನೂ ಒಟ್ಟಿಗೆ ನೆನಪಿಡುತ್ತದೆ.

ಕೆಂಚಿಯ ಒಂದು ಬೆಳಗಿನ ಪಾಠ ಹೀಗಿರುತ್ತದೆ. ಎದೆಪಟ್ಟಿ ಕೈಗೆತ್ತಿಕೊಂಡಾಗಲೇ ಅವಳ ಕಿವಿ ಹಿಂದೆ ಮಡಚಿ ಮತ್ತೆ ನೆಟ್ಟಗಾಗುತ್ತವೆ. ಹಗ್ಗ ಸಿಕ್ಕಿಸಿ ನಾನು ಅವಳ ಪಕ್ಕ ಮಂಡಿಯೂರುತ್ತೇನೆ, ಕೈ ಅವಳ ಎದೆಯ ಮೇಲೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಒಬ್ಬ ಹುಡುಗ ಬೆನ್ನು ತಿರುಗಿಸಿ ನಿಂತಿರುತ್ತಾನೆ. ಅವನು ಇವಳನ್ನು ನೋಡುವುದೇ ಇಲ್ಲ. ಗೋಣಿಪಟ್ಟಿ ನೆಲದ ಮೇಲೆ ಒಂದು ಗೇಣು ಸರಿಯುತ್ತದೆ. ಕೆಂಚಿಯ ತೊಡೆಯ ಸ್ನಾಯು ಒಮ್ಮೆ ಅದುರುತ್ತದೆ. ಮತ್ತೊಂದು ಗೇಣು. ಮುಂಗಾಲೊಂದು ಮೇಲೆದ್ದು ಗಾಳಿಯಲ್ಲೇ ನಿಲ್ಲುತ್ತದೆ. ಆಮೇಲೆ ಪಟ್ಟಿ ಸರ್ರನೆ ಓಡುತ್ತದೆ, ಅವಳು ಚಿಮ್ಮುತ್ತಾಳೆ, ಟ್ಯೂಬ್ ಹಿಗ್ಗುತ್ತದೆ, ಹಗ್ಗ ತಂತಿಯ ಹಾಗೆ ಬಿಗಿಯಾಗುತ್ತದೆ. ಪಟ್ಟಿ ಅವಳ ಮೂಗಿನಿಂದ ಒಂದು ಮೊಳ ದೂರದಲ್ಲಿ ಹಾದುಹೋಗುತ್ತದೆ. ಎರಡನೇ ಸಲವೂ ತಪ್ಪುತ್ತದೆ. ಈಗ ಅವಳ ಗಂಟಲಿನಿಂದ ಒಂದೇ ಒಂದು ದಪ್ಪ ಬೊಗಳು ಹೊರಡುತ್ತದೆ. ಆ ಬೊಗಳು ಬಂದ ಕೂಡಲೇ ಹುಡುಗ ಪಟ್ಟಿಯನ್ನು ಅವಳ ಎಟುಕಿಗೆ ಬಿಡುತ್ತಾನೆ. ಕಚ್ಚಿ ಹಿಡಿದು ತಲೆ ಕೊಡವುತ್ತಾಳೆ. ಹುಡುಗ ಒಂದಿಷ್ಟು ಜಗ್ಗಿ, ಸೋತವನಂತೆ ಕೈಬಿಡುತ್ತಾನೆ.

ಇಲ್ಲಿ ಹಗ್ಗ ಮಾಡಿದ್ದೇನು? ನಾಯಿಯನ್ನು ಹಿಂದಕ್ಕೆ ಒತ್ತಿ ಹಿಡಿದರೆ ಅದು ಮುಂದಕ್ಕೆ ಒತ್ತುತ್ತದೆ, ಇದು ಅದರ ಮೈಯ ಸ್ವಭಾವ. ಎದೆಯ ಮೇಲೆ ಹದವಾದ, ಎಡೆಬಿಡದ ಬಿಗಿ ಇದ್ದಾಗ ನಾಯಿಯ ಕಸುವೆಲ್ಲ ಎದುರಿನ ವಸ್ತುವಿನ ಕಡೆ ಹರಿಯುತ್ತದೆ. ಬಿಗಿ ಬೇರೆ, ಝಾಡಿಸಿ ಜಗ್ಗುವುದು ಬೇರೆ. ಝಾಡಿಸಿದರೆ ನಾಯಿಯ ಗಮನ ತಟ್ಟನೆ ಹಿಂದಕ್ಕೆ, ನಮ್ಮ ಕಡೆಗೆ ಬರುತ್ತದೆ. ಬಿಗಿ ಹಿಡಿದಾಗ ನಾವಿದ್ದೇವೆ ಎಂಬುದನ್ನೇ ಅದು ಮರೆಯುತ್ತದೆ. ಹಗ್ಗ ಹಿಡಿದವರ ಕೈ ಈ ಎರಡರ ವ್ಯತ್ಯಾಸ ಕಲಿಯಲು ನಾಯಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ.

ಎರಡು ಸಲ ತಪ್ಪಿಸಿ ಮೂರನೆಯದಕ್ಕೆ ಕೊಟ್ಟದ್ದಕ್ಕೂ ಕಾರಣವಿದೆ. ಕೈಗೆ ಸಿಕ್ಕುವ ಮುಂಚಿನ ನಿರೀಕ್ಷೆಯಲ್ಲೇ ಹುರುಪು ಹೆಚ್ಚು. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಕೋಶಗಳನ್ನು ಗಮನಿಸುತ್ತಾ ಹೋದರು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಬರುತ್ತದೆ ಎಂಬ ಸೂಚನೆ ಕೋತಿಗೆ ತಿಳಿದ ಮೇಲೆ, ಸೂಚನೆ ಕಂಡಾಗಲೇ ಚುರುಕಾಗಿ, ರಸ ಸಿಕ್ಕಾಗ ಸುಮ್ಮನಿರತೊಡಗಿದವು. ಸಿಗಬೇಕಾದ್ದು ಸಿಗದೇ ಹೋದಾಗ ಇನ್ನೂ ಕೆಳಗಿಳಿದವು. ಎದೆಪಟ್ಟಿ ನೋಡಿದ ಕೂಡಲೇ ಕೆಂಚಿಯ ಕಿವಿ ಏಳುವುದರ ಹಿಂದೆ ಇದೇ ಇದೆ. ಸದಾ ತಪ್ಪಿಸುತ್ತಲೇ ಇದ್ದರೆ ನಾಯಿ ಕೈಚೆಲ್ಲುವುದಕ್ಕೂ ಇದೇ ಕಾರಣ. ಎಳೆಯ ಮರಿಗೆ ಮೊದಲ ಸಲವೇ ಕೊಟ್ಟುಬಿಡಬೇಕು. ಬೆಳೆದಂತೆ ಒಮ್ಮೆ ಎರಡನೆಯದಕ್ಕೆ, ಒಮ್ಮೆ ನಾಲ್ಕನೆಯದಕ್ಕೆ, ಅದಕ್ಕೆ ಲೆಕ್ಕ ಸಿಗದ ಹಾಗೆ.

ಗೆದ್ದ ಮೇಲೆ ಏನು ಮಾಡುತ್ತೇವೆ ಎಂಬುದು ಇನ್ನೂ ಮುಖ್ಯ. ನಾಯಿಯ ಬಾಯಿಂದ ಪಟ್ಟಿಯನ್ನು ಕಿತ್ತುಕೊಳ್ಳುವವರೇ ಬಹಳ. ಹಾಗೆ ಮಾಡಿದರೆ ಮುಂದಿನ ಸಲ ಅದು ನಮ್ಮಿಂದ ದೂರ ಓಡುತ್ತದೆ, ಇಲ್ಲವೇ ನಾವು ಹತ್ತಿರ ಬಂದ ಕೂಡಲೇ ಸಡಿಲ ಬಿಡುತ್ತದೆ. ಎರಡೂ ಕೆಟ್ಟದ್ದು. ನಾನು ಹಗ್ಗವನ್ನು ಗೂಟದಿಂದ ಬಿಚ್ಚಿ ಕೈಗೆ ತೆಗೆದುಕೊಂಡು, ಕೆಂಚಿ ಪಟ್ಟಿ ಕಚ್ಚಿಕೊಂಡಿರುವಾಗಲೇ ದೊಡ್ಡ ಸುತ್ತು ಹಾಕಿಸುತ್ತೇನೆ. ತಲೆ ಎತ್ತಿ, ಬಾಲ ಎತ್ತಿ ಅವಳು ನಡೆಯುತ್ತಾಳೆ. ಆ ಸುತ್ತು ಅವಳ ಸಂಬಳ. ಆಮೇಲೆ ಪಕ್ಕದಲ್ಲಿ ಕೂತು ಅವಳ ಪಕ್ಕೆ ಸವರುತ್ತೇನೆ, ಪಟ್ಟಿ ಮುಟ್ಟುವುದಿಲ್ಲ. ಬೇಕಾದರೆ ಅಂಥದ್ದೇ ಇನ್ನೊಂದು ಪಟ್ಟಿಯನ್ನು ನೆಲದ ಮೇಲೆ ಓಡಿಸುತ್ತೇನೆ. ಹಳೆಯದನ್ನು ತಾನೇ ಬಿಟ್ಟು ಹೊಸದಕ್ಕೆ ಹಾರುತ್ತಾಳೆ.

ಅಲ್ಲಿಗೆ ಮುಗಿಸುತ್ತೇವೆ. ಮೂರೋ ನಾಲ್ಕೋ ಸಲ, ಅಷ್ಟೆ. ಹುಡುಗರಿಗೆ ಇದೇ ಒಪ್ಪಿಗೆಯಾಗುವುದಿಲ್ಲ. “ಇನ್ನೂ ಹುರುಪಿನಾಗೈತಿ ಕಾಕಾ, ಇನ್ನೊಂದ್ಸಲ” ಎನ್ನುತ್ತಾರೆ. ಹುರುಪಿನಲ್ಲಿರುವುದರಿಂದಲೇ ನಿಲ್ಲಿಸಬೇಕು. ದಣಿದು ಬೇಸತ್ತು ನಾಯಿಯೇ ನಿಲ್ಲಿಸಿದರೆ, ಆಟದ ಕೊನೆಯ ನೆನಪಾಗಿ ಅದಕ್ಕೆ ಉಳಿಯುವುದು ಬೇಸರ. ಮೊಬೈಲಿನಲ್ಲಿ ವಿಡಿಯೊ ಮಾಡಲೆಂದು ಇನ್ನೊಂದು, ಮತ್ತೊಂದು ಎಂದು ಆಡಿಸಿ, ಚಿಗರೆಯಂಥ ಮರಿಗಳನ್ನು ಮಂಕು ಮಾಡಿಟ್ಟದ್ದನ್ನು ನಾನು ಕಂಡಿದ್ದೇನೆ. ನನಗೆ ಅದು ನಿಜವಾಗಿಯೂ ಸಂಕಟದ ವಿಷಯ.

ಒಂದು ನಾಯಿ ಆಡುವಾಗ ಇನ್ನೊಂದನ್ನು ದೂರದಲ್ಲಿ ಕಟ್ಟಿ ತೋರಿಸುವುದೂ ಒಂದು ಉಪಾಯ. ನೋಡುತ್ತಾ ನೋಡುತ್ತಾ ಅದರ ಆಸೆ ಏರುತ್ತದೆ. ಇದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಮೈಲಾರಲಿಂಗನ ನಾಯಿಗಳೆಂದು ಭಾವಿಸಿಕೊಂಡ ಗೊರವಯ್ಯಗಳು ದೋಣಿ ಸೇವೆ ನಡೆಸುವುದನ್ನು ನೋಡಿದವರಿಗೆ ಗೊತ್ತು. ದೋಣಿಯಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ ಕಲಸಿಟ್ಟಾಗ ಅವರು ಬೊಗಳುತ್ತಾ, ಗುರುಗುಡುತ್ತಾ, ಒಬ್ಬರ ಮೇಲೊಬ್ಬರು ಮುಗಿಬಿದ್ದು ಬಾಯಿ ಹಾಕುತ್ತಾರೆ. ಅದು ಭಕ್ತಿ, ಅದರ ಅರ್ಥ ದೊಡ್ಡದು. ಪಕ್ಕದ ನಾಯಿ ಬಾಯಿ ಹಾಕಿದಾಗ ತನ್ನ ಹಸಿವೂ ಹೆಚ್ಚುವ ನಾಯಿಯ ಗುಣವನ್ನು ಅಷ್ಟು ಹತ್ತಿರದಿಂದ ಕಂಡವರು ಕಟ್ಟಿದ ಆಚರಣೆ ಅದು ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಆದರೆ ಈ ಉಪಾಯಕ್ಕೆ ಮಿತಿ ಇದೆ. ಬೊಗಳು ಕೀರಲಾಗುವುದು, ಗಿರಗಿರನೆ ಸುತ್ತುವುದು, ತನ್ನ ಹಗ್ಗವನ್ನೇ ಕಚ್ಚುವುದು, ಪಕ್ಕದವರ ಮೇಲೆ ತಿರುಗಿಬೀಳುವುದು — ಇವು ಕಂಡರೆ ಆಸೆ ಹದ ಮೀರಿ ಹತಾಶೆಯಾಗಿದೆ ಎಂದೇ ತಿಳಿಯಬೇಕು. ಆಗ ನಾಯಿಯನ್ನು ಅಲ್ಲಿಂದ ಕರೆದೊಯ್ದು, ನೆಲದ ಮೇಲೆ ನಾಲ್ಕು ತುಂಡು ತಿಂಡಿ ಚೆಲ್ಲಿ ಮೂಗಿನ ಕೆಲಸ ಕೊಟ್ಟರೆ ತಣ್ಣಗಾಗುತ್ತದೆ.

ಜಾಡಿನ ಪಾಠವನ್ನು ನಾನು ಕೋಳಿಯ ಬೇಯಿಸಿದ ಗುಂಡಿಗೆ, ಈಲಿಯ ಸಣ್ಣ ಚೂರುಗಳಿಂದ ಶುರು ಮಾಡುತ್ತೇನೆ. ಬೆಳಗಿನ ತೇವ ಆರುವ ಮುಂಚೆ, ಮೆಕ್ಕೆಜೋಳ ಕಟಾವಾದ ಹೊಲದಲ್ಲಿ ಕಾಲು ಒತ್ತಿ ನಡೆದು, ಹೆಜ್ಜೆಗೊಂದು ಚೂರು ಇಡುವುದು. ನಾಯಿಯನ್ನು ಉದ್ದ ಹಗ್ಗದಲ್ಲಿ ಹಿಡಿದು ಮೊದಲ ಹೆಜ್ಜೆಗೆ ಮೂಗು ತೋರಿಸಿದರೆ ಸಾಕು. ಪ್ರತಿ ಹೆಜ್ಜೆಯ ವಾಸನೆಯೂ ಊಟದ ಸುದ್ದಿಯಾಗುತ್ತದೆ. ವಾರಗಳು ಕಳೆದಂತೆ ಚೂರುಗಳ ನಡುವಿನ ಅಂತರ ಹೆಚ್ಚುತ್ತದೆ, ಕೊನೆಗೆ ಜಾಡಿನ ತುದಿಯಲ್ಲಿ ಮಾತ್ರ ದೊಡ್ಡ ಬಹುಮಾನ. ಇಲ್ಲಿಯೂ ಹಗ್ಗದಲ್ಲಿ ಹಗುರವಾದ ಬಿಗಿ ಇರಬೇಕು. ನಾಯಿ ತಪ್ಪಿದರೆ ಜಗ್ಗದೆ ನಿಂತುಬಿಡಬೇಕು. ಹಗ್ಗ ಮುಂದೆ ಹೋಗದಿದ್ದಾಗ ಅದು ತಾನೇ ಹಿಂದೆ ಹುಡುಕಿ ಹೆಜ್ಜೆ ಕಂಡುಕೊಳ್ಳುತ್ತದೆ. ಹಾಗೆ ತಾನೇ ಕಂಡುಕೊಂಡ ನಾಯಿಯ ಬಾಲ ನೋಡಬೇಕು. ಕಣ್ಣಿನ ನಾಯಿ ಎನಿಸಿಕೊಂಡ ಕೆಂಚಿ ತಲೆ ತಗ್ಗಿಸಿ ಮೂಗಿನಿಂದ ಸಾಲು ಬಿಡದೆ ಹೋಗುವುದನ್ನು ನೋಡಲು ಈಗ ಹೊಲದ ಮಾಲೀಕರೇ ಬದುವಿನ ಮೇಲೆ ಬಂದು ನಿಲ್ಲುತ್ತಾರೆ.

ಪಶು ಆಸ್ಪತ್ರೆಯಲ್ಲಿ ದುಡಿದವನಾಗಿ ಮೈಯ ಬಗ್ಗೆಯೂ ಹೇಳಬೇಕು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮಂತೆ ಮೈಯೆಲ್ಲ ಬೆವರಲು ಅದಕ್ಕೆ ಬಾರದು. ತೇಕುವುದೊಂದೇ ಮುಖ್ಯ ದಾರಿ. ಬಾಯಿ ತೆರೆದು ತೇಕುವ ನಾಯಿ ಸರಿಯಾಗಿ ಮೂಸಲಾರದು. ನಮ್ಮ ಕಡೆ ಶಿವರಾತ್ರಿ ಕಳೆದರೆ ಬಿಸಿಲು ಹೇಗಿರುತ್ತದೆಂದು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಪಾಠ ಮುಗಿಯಬೇಕು. ಹೊಟ್ಟೆ ತುಂಬಿದ ಮೇಲೆ ಆಡಿಸಲೇಬಾರದು: ಮುಧೋಳ, ಡಾಬರ್‌ಮನ್, ಜರ್ಮನ್ ಶೆಫರ್ಡ್‌ನಂಥ ಆಳದ ಎದೆಯ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಂಡು ಗಂಟೆಗಳಲ್ಲಿ ಜೀವ ಹೋಗಬಹುದು. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಜಗ್ಗಾಟ ಬೇಡ. ಒಸಡು ನೊಂದ ಮರಿ ಪಟ್ಟಿ ಕಚ್ಚಲು ಹೆದರತೊಡಗುತ್ತದೆ, ಹೆದರಿಕೆ ಹಲ್ಲು ಗಟ್ಟಿಯಾದ ಮೇಲೂ ಹೋಗುವುದಿಲ್ಲ.

ಹುಟ್ಟಿಸಿದ ಆಸೆಯನ್ನು ಎತ್ತ ತಿರುಗಿಸುತ್ತೇವೆ ಎಂಬ ಹೊಣೆಯೂ ನಮ್ಮದೇ. ನಮ್ಮ ರಸ್ತೆಗಳಲ್ಲಿ ಕುರಿಹಿಂಡು ಎದುರಾಗದ ದಿನವಿಲ್ಲ. ಓಡುವ ಕುರಿ ಕಂಡ ಮುಧೋಳ ನಾಯಿಯ ಕೈಹಗ್ಗ ಸಡಿಲಾದರೆ ಕುರಿಗಾರನ ಬದುಕಿಗೇ ಪೆಟ್ಟು. ಆದ್ದರಿಂದ ಹಿಂಡು ಹಾದುಹೋಗುವಾಗ ಕೆಂಚಿಯನ್ನು ದೂರ ನಿಲ್ಲಿಸಿ, ಅವಳು ಕುರಿಯಿಂದ ಕಣ್ಣು ಕಿತ್ತು ನನ್ನತ್ತ ನೋಡಿದ ಕ್ಷಣಕ್ಕೇ ಜೇಬಿನ ಪಟ್ಟಿ ಓಡಿಸುತ್ತೇನೆ. ಮೊಲದ ಬೇಟೆಗೆಂದು ನಾಯಿ ತಯಾರು ಮಾಡಿಕೊಡಿ ಎಂದು ಬರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಅವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತೇನೆ. ಮನುಷ್ಯರ ಮೇಲೆ ಕಚ್ಚಿಸುವುದನ್ನೂ ಹೇಳಿಕೊಡುವುದಿಲ್ಲ. ಅದು ಪೊಲೀಸ್, ಸೇನೆಯ ಪಳಗಿದ ಕೈಗಳ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಹೆಚ್ಚು ಕಾಡುವುದು ಪಾಠಕ್ಕೆ ಬರುವ ನಾಯಿಗಳಲ್ಲ, ಬಾರದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಮುಧೋಳ ನಾಯಿಯ ಹೆಸರೆತ್ತಿದ ಮೇಲೆ ಅದನ್ನು ತಂದು ಸಾಕುವ ಉಮೇದು ನಮ್ಮಲ್ಲೂ ಬಂತು. ತಂದವರಲ್ಲಿ ಎಷ್ಟೋ ಜನ ಅಂಗಳದ ಕಂಬಕ್ಕೆ ಎರಡು ಮೊಳದ ಸರಪಳಿ ಹಾಕಿ ಕಟ್ಟಿದ್ದಾರೆ, ಹಗಲೂ ರಾತ್ರಿಯೂ. ಪಾಠದ ಹಗ್ಗ ಕೆಲವು ನಿಮಿಷ ತಡೆದು ಆಮೇಲೆ ಗೆಲ್ಲಿಸುತ್ತದೆ. ಆ ಸರಪಳಿ ಎಂದೂ ಗೆಲ್ಲಿಸುವುದಿಲ್ಲ. ಕಣ್ಣೆದುರು ಕೋಳಿ, ಬೆಕ್ಕು, ಸೈಕಲ್ಲು ಹಾಯುತ್ತಲೇ ಇರುತ್ತವೆ, ನಾಯಿ ಚಿಮ್ಮುತ್ತದೆ, ಕೊರಳಿಗೆ ಏಟು ಬೀಳುತ್ತದೆ, ದಿನವಿಡೀ. ಕೆಲವು ಹುಚ್ಚೆದ್ದು ಮಕ್ಕಳಿಗೆ ಬಾಯಿ ಹಾಕುತ್ತವೆ. ಹೆಚ್ಚಿನವು ತಲೆ ನೆಲಕ್ಕಿಟ್ಟು ಮಲಗಿಬಿಡುತ್ತವೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಸ್ಪಷ್ಟವಾಗಿದೆ: ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟುವುದೂ, ಸದಾ ಕಟ್ಟಿಹಾಕಿದ ನಾಯಿಗೆ ಸಾಕಷ್ಟು ವ್ಯಾಯಾಮ ಮಾಡಿಸದಿರುವುದೂ ಅಪರಾಧ. ಲಸಿಕೆಗೆಂದು ಮನೆಮನೆಗೆ ಹೋಗುತ್ತಿದ್ದಾಗ ಈ ಕಲಮನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಕಳೆದ ಮುಂಗಾರಿನಲ್ಲಿ ಅಂಥ ಒಂದು ಗಂಡುನಾಯಿಯನ್ನು ನಮ್ಮ ಬಯಲಿಗೆ ಕರೆತಂದರು. ವಯಸ್ಸು ಎರಡು ದಾಟಿತ್ತು. ಪಟ್ಟಿ ಓಡಿಸಿದರೆ ತಲೆ ತಿರುಗಿಸುತ್ತಿತ್ತು. ಅದನ್ನು ಗೂಟಕ್ಕೆ ಕಟ್ಟಲಿಲ್ಲ. ಎದೆಪಟ್ಟಿ ಹಾಕಿ ಉದ್ದ ಹಗ್ಗದಲ್ಲಿ ತನಗೆ ಬೇಕಾದಲ್ಲಿ ಮೂಸಲು ಬಿಟ್ಟೆವು, ಬೇರೆ ನಾಯಿಗಳು ಆಡುವುದನ್ನು ದೂರದಿಂದ ನೋಡಲು ಬಿಟ್ಟೆವು. ಮನೆಯಲ್ಲಿ ಸರಪಳಿ ಬಿಚ್ಚಿಸಿ ಹಿತ್ತಲಿಗೆ ತಂತಿ ಬೇಲಿ ಹಾಕಿಸಿದೆವು. ಬಹಳ ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ, ಕೆಂಚಿ ಬಿಟ್ಟುಹೋದ ಗೋಣಿಪಟ್ಟಿ ಗಾಳಿಗೆ ಹೊರಳಿದಾಗ ಅದು ಮುಂಗಾಲು ಚಾಚಿ ಒತ್ತಿ ಹಿಡಿಯಿತು. ಓಡಿಹೋಗಿ ಬೆನ್ನು ತಟ್ಟಲು ಹೊರಟ ಯಜಮಾನನನ್ನು ನಾನು ತೋಳು ಹಿಡಿದು ನಿಲ್ಲಿಸಿದೆ. ಈಗ ಅದು ಹಗ್ಗದ ತುದಿಯವರೆಗೂ ಓಡಿ ಪಟ್ಟಿ ಹಿಡಿಯುತ್ತದೆ. ಎರಡನೇ ಸಲ ಕರೆದರೆ ಇನ್ನೂ ಅನುಮಾನಿಸುತ್ತದೆ. ಆದ್ದರಿಂದ ಸದ್ಯಕ್ಕೆ ಅದಕ್ಕೆ ದಿನಕ್ಕೆ ಒಂದೇ ಸಲ.